ಒಗ್ಗಿಕೊಳ್ಳುತ್ತೆ ಅನ್ನಬೇಡ

ಪುಟ್ಟಿ,

ನಿನ್ನ ಪತ್ರ ಓದಿದೆ. ಪಾರ್ಲರಿನ ಬಾಡಿಗೆ, ಹೊಸ ಕುರ್ಚಿಗಳು, ನಿಮ್ಮಮ್ಮನ ಮಂಡಿ, ಎಲ್ಲ ಗೊತ್ತಿರುವ ವಿಷಯವೇ. ಅವನ್ನೆಲ್ಲ ಬಿಡುತ್ತೇನೆ. ನಡುವೆ ಒಂದು ಮಾತು ಬರೆದಿದ್ದೀಯಲ್ಲ, ಅದು ಮನಸ್ಸಿಂದ ಹೋಗುತ್ತಿಲ್ಲ. ನಿನ್ನ ಹತ್ತಿರ ಉಗುರಿಗೆ ಜೆಲ್ ಪಾಲಿಶ್ ಹಾಕಿಸಿಕೊಂಡು ಹೋದ ಆಕೆಗೆ ಎರಡು ದಿನ ಬಿಟ್ಟು ಬೆರಳ ತುದಿಯೆಲ್ಲ ತುರಿಕೆ ಬಂತು, ಕಣ್ಣರೆಪ್ಪೆ ಊದಿತು. 'ಮೊದಮೊದಲು ಹಾಗಾಗುತ್ತೆ, ಒಗ್ಗಿಕೊಳ್ಳುತ್ತೆ ಅಂತ ಹೇಳಿ ಕಳಿಸಿದೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ನನ್ನಿಂದಲೇ ಆಯ್ತಾ ದೊಡ್ಡಮ್ಮ?'

ನಿದ್ದೆ ಬರದಿದ್ದದ್ದು ಒಳ್ಳೆಯದೇ ಆಯಿತು. ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ಆದರೆ ಇದು ಒಗ್ಗುವಂಥದ್ದಲ್ಲ ಕಣೇ. ಪಾಲಿಶ್ ತೆಗೆಯುವ ಅಸಿಟೋನ್ ತಾಗಿ ಚರ್ಮ ಒಣಗುವುದು, ಉರಿಯುವುದು ಬೇರೆ. ಅದು ಎಣ್ಣೆ ಹಚ್ಚಿ ಎರಡು ದಿನ ಬಿಟ್ಟರೆ ಇಳಿಯುತ್ತದೆ. ಅಲರ್ಜಿ ಬಂದವರ ಮೈ ಆ ಪದಾರ್ಥವನ್ನು ಒಮ್ಮೆ ಗುರುತು ಹಿಡಿದರೆ ಆಮೇಲೆ ಮರೆಯುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಏನೂ ಆಗದೆ ಹಚ್ಚಿಸಿಕೊಂಡಿರುತ್ತಾರೆ, ಒಂದು ದಿನ ಶುರುವಾಗುತ್ತದೆ. ಅಲ್ಲಿಂದ ಮುಂದೆ ಹಚ್ಚಿದಾಗಲೆಲ್ಲ ಬರುತ್ತದೆ. ಅದೂ ಒಂದೆರಡು ದಿನ ತಡವಾಗಿ. ಹಾಗಾಗಿ ಉಗುರಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ರೆಪ್ಪೆ ಊದಿದರೆ ಮುಖದ ಕ್ರೀಮ್ ಬದಲಾಯಿಸುತ್ತಾರೆ. ಕೈ ಎಷ್ಟು ಸಲ ಕಣ್ಣಿನ ಹತ್ತಿರ ಹೋಗುತ್ತದೆ ಅಂತ ಯಾರು ಲೆಕ್ಕ ಇಡುತ್ತಾರೆ?

ನನಗೆ ಇಷ್ಟು ಭಯ ಯಾಕೆ ಅಂತ ನಿನಗೆ ಗೊತ್ತಿರಲಿಕ್ಕಿಲ್ಲ. ನಾನು ಹಲ್ಲಿನ ಸೆಟ್ ಮಾಡುವ ಲ್ಯಾಬ್‌ನಲ್ಲಿ ಕೆಲಸಕ್ಕೆ ಹೋಗುತ್ತಿದ್ದದ್ದು ಗೊತ್ತು. ಮಗು ಆಯಿತು ಅಂತ ಬಿಟ್ಟೆ ಅಂತಲೇ ಮನೆಯವರೆಲ್ಲ ಅಂದುಕೊಂಡಿದ್ದಾರೆ. ಅಲ್ಲಿ ನಾವು ಪುಡಿಗೆ ಒಂದು ದ್ರವ ಹಾಕಿ ಬರಿಗೈಯಲ್ಲೇ ನಾದುತ್ತಿದ್ದೆವು. ಅದು ಮಿಥೈಲ್ ಮೆಥಾಕ್ರಿಲೇಟ್. ನಿಮ್ಮ ಅಕ್ರಿಲಿಕ್ ಉಗುರಿಗೂ ಹಿಂದೆ ಅದನ್ನೇ ಬಳಸುತ್ತಿದ್ದರು. ಅಮೆರಿಕದಲ್ಲಿ 1970ರ ದಶಕದಲ್ಲೇ ಉಗುರಿಗೆ ಅದು ಬೇಡ ಅಂತ ಸರ್ಕಾರದವರು ಕೋರ್ಟಿಗೆ ಹೋಗಿದ್ದರು. ನಮಗೆ ಅದೆಲ್ಲ ಯಾರು ಹೇಳಬೇಕು. ನನ್ನ ಬೆರಳ ತುದಿ ಬಿರಿಯಿತು. ಆಮೇಲೆ ಜುಮ್ಮೆನ್ನತೊಡಗಿತು. ರವಿಕೆ ಹುಕ್ಸ್ ಹಾಕಿಕೊಳ್ಳಲು ಕಷ್ಟವಾಗುತ್ತಿತ್ತು. ಅಲ್ಲಿದ್ದ ಹಿರಿಯರೊಬ್ಬರು, ಒಳ್ಳೆಯವರೇ, 'ಎಲ್ಲರಿಗೂ ಆಗುತ್ತಮ್ಮ, ಒಗ್ಗಿಕೊಳ್ಳುತ್ತೆ' ಅಂದರು. ನಿನ್ನ ಪತ್ರದಲ್ಲಿ ಅದೇ ಮಾತು ಓದಿ ಎದೆ ಧಸಕ್ಕೆಂದಿತು. ಮೇಣದಲ್ಲಿ ಹಲ್ಲುಗಳನ್ನು ಒಂದೊಂದೇ ಕೂರಿಸುವ ಕೆಲಸ ನನಗೆ ಎಷ್ಟು ಇಷ್ಟವಾಗಿತ್ತು ಅಂತ ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಈಗಲೂ ಯಾರಾದರೂ ನಕ್ಕರೆ ಮೊದಲು ಹಲ್ಲಿನ ಸಾಲು ನೋಡುತ್ತೇನೆ. ಇರಲಿ ಬಿಡು.

ನಿನ್ನ ಜೆಲ್‌ನಲ್ಲಿ ಇರುವುದೂ ಅದೇ ಅಕ್ರಿಲೇಟ್ ಬಳಗದ್ದು. ನೀವು ಹೀಮಾ ಅನ್ನುವ ಹೈಡ್ರಾಕ್ಸಿಎಥೈಲ್ ಮೆಥಾಕ್ರಿಲೇಟ್. ಉಗುರಿನ ಅಲರ್ಜಿಯಲ್ಲಿ ಜಾಸ್ತಿ ಸಿಗುವ ಹೆಸರು ಇದೇ. ಯುರೋಪಿನಲ್ಲಿ 2021ರಿಂದ ಇದನ್ನು ಕಸುಬಿನವರು ಮಾತ್ರ ಹಚ್ಚಬೇಕು, ಅಲರ್ಜಿ ಆಗಬಹುದು ಅಂತ ಡಬ್ಬಿಯ ಮೇಲೆ ಬರೆದಿರಬೇಕು ಅಂತ ನಿಯಮವಿದೆ. ಆಕೆಗೆ ನಿಜವಾಗಿ ಇದರ ಅಲರ್ಜಿ ಅಂಟಿಕೊಂಡಿದ್ದರೆ ಉಗುರು ಬಿಟ್ಟ ಮಾತ್ರಕ್ಕೆ ಮುಗಿಯುವುದಿಲ್ಲ ಅನ್ನುವುದೇ ನನ್ನ ಸಂಕಟ. ಹುಳುಕು ಹಲ್ಲಿಗೆ ತುಂಬುವ ಪದಾರ್ಥದಲ್ಲಿ ಈ ಬಳಗದ್ದು ಇರುತ್ತದೆ. ಮಂಡಿ ಬದಲಾಯಿಸುವಾಗ ಹಾಕುವ ಮೂಳೆ ಸಿಮೆಂಟಿನಲ್ಲಿ ಇರುತ್ತದೆ. ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳುವ ಕೆಲವು ಸೆನ್ಸರ್‌ಗಳಲ್ಲೂ ಇರುತ್ತದೆ. ನಾನು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತಾಗಲೆಲ್ಲ ಬಾಯಿ ತೆರೆಯುವ ಮುಂಚೆ ನನಗೆ ಈ ಅಲರ್ಜಿ ಇದೆ ಅಂತ ಹೇಳುತ್ತೇನೆ. ಚಂದಕ್ಕೆ ಅಂತ ಬಂದ ಹೆಣ್ಣುಮಗಳು ಜನ್ಮಪೂರ್ತಿ ಇದನ್ನು ಹೇಳಿಕೊಂಡು ತಿರುಗಬೇಕಾ?

ನಿನ್ನ ಕೆಲಸ ನಿನಗೆ ಗೊತ್ತು. ನಾನು ಹೇಳಿಕೊಡುವಂಥದ್ದು ಜಾಸ್ತಿ ಏನಿಲ್ಲ. 'ಹೈಪೋಅಲರ್ಜೆನಿಕ್ ಅಂತ ಬರೆದಿತ್ತು' ಅಂದಿದ್ದೀಯ, ಅಲರ್ಜಿ ಆಗುವುದು ಕಡಿಮೆ ಅನ್ನುವ ಅರ್ಥದಲ್ಲಿ. ಅದನ್ನು ನಂಬಿ ಕೂರಬೇಡ. ಆ ಮಾತಿಗೆ ಒಂದು ಅರ್ಥ ಕಟ್ಟಿಕೊಡಲು ಅಮೆರಿಕದವರು 1975ರಲ್ಲಿ ನಿಯಮ ಮಾಡಿದರು, 1977ರಲ್ಲಿ ಕೋರ್ಟ್ ಅದನ್ನು ಹೊಡೆದುಹಾಕಿತು. ಬಾಟಲಿಯ ಮುಂದಿನ ದೊಡ್ಡ ಅಕ್ಷರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದು. ಹೀಮಾ ಫ್ರೀ ಅಂತ ಇದ್ದರೂ ಅದರ ಜಾಗದಲ್ಲಿ ಹೈಡ್ರಾಕ್ಸಿಪ್ರೊಪೈಲ್ ಮೆಥಾಕ್ರಿಲೇಟ್ ಕೂತಿರಬಹುದು. ಒಂದಕ್ಕೆ ಅಲರ್ಜಿ ಆದವರಿಗೆ ಇನ್ನೊಂದಕ್ಕೂ ಅಲರ್ಜಿ ಬರಬಹುದು. ಪದಾರ್ಥಗಳ ಪಟ್ಟಿಯೇ ಇಲ್ಲದ ಬಾಟಲಿ ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ಬೇಡ.

ಆಕೆಗೆ ಜೆಲ್ ಆಗದಿದ್ದರೆ ಮಾಮೂಲಿ ಪಾಲಿಶ್ ಹಾಕಬಹುದಲ್ಲ ಅಂತ ನಿನಗೆ ಅನ್ನಿಸಬಹುದು. ಹೌದು, ಅದರಲ್ಲಿ ಸಾಮಾನ್ಯವಾಗಿ ಅಕ್ರಿಲೇಟ್ ತಂಟೆ ಇರುವುದಿಲ್ಲ. ಆದರೆ ಕೆಲವದರಲ್ಲಿ ಟೋಸಿಲಮೈಡ್ ಫಾರ್ಮಾಲ್ಡಿಹೈಡ್ ರೆಸಿನ್ ಇರುತ್ತದೆ. ಅದಕ್ಕೂ ರೆಪ್ಪೆ, ಕುತ್ತಿಗೆ ಕೆಂಪಾಗುತ್ತವೆ. ಅದಿಲ್ಲದ್ದೂ ಸಿಗುತ್ತದೆ, ಹುಡುಕು. ಬರೀ ಉಜ್ಜಿ ಹೊಳಪು ಕೊಟ್ಟು ಕಳಿಸಿದರೂ ಉಗುರು ಚೆನ್ನಾಗಿಯೇ ಕಾಣುತ್ತದೆ. ಇದು ಮುದುಕಿಯ ಮಾತು ಅಂತ ನಗು, ಪರವಾಗಿಲ್ಲ.

ಇನ್ನೊಂದು, ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಅಲರ್ಜಿ ಇದೆಯಾ ನೋಡೋಣ ಅಂತ ಹಸಿ ಜೆಲ್ಲನ್ನು ಯಾರ ಮುಂಗೈಗೂ, ಕಿವಿಯ ಹಿಂದೆಯೂ ಹಚ್ಚಬೇಡ. ಇಲ್ಲದ ಅಲರ್ಜಿಯನ್ನು ನೀನೇ ಅಂಟಿಸಿದ ಹಾಗಾಗುತ್ತದೆ. ಪ್ಯಾಚ್ ಟೆಸ್ಟ್ ಚರ್ಮದ ಡಾಕ್ಟರ್ ಮಾಡಬೇಕು, ಅಳತೆ ಮಾಡಿ ತೆಳುಗೊಳಿಸಿದ ಮದ್ದಿನಲ್ಲಿ. ಪಟ್ಟಿಯನ್ನು ಬೆನ್ನಿಗೆ ಅಂಟಿಸಿ ಎರಡು ದಿನ ಬಿಟ್ಟು ತೆಗೆಯುತ್ತಾರೆ, ಆಮೇಲೂ ಒಮ್ಮೆ ನೋಡುತ್ತಾರೆ.

ಚರ್ಮಕ್ಕೆ ತಾಗಿಸದೆ ಹಚ್ಚುವುದು ನಿನಗೆ ಬರುತ್ತದೆ. ಅವಸರದ ದಿನ ತಪ್ಪುತ್ತದೆ, ಅಷ್ಟೇ. ಜೆಲ್ ಗಟ್ಟಿ ಮಾಡುವ ಲ್ಯಾಂಪ್ ಬೇರೆ ಕಂಪನಿಯದು, ಜೆಲ್ ಬೇರೆ ಕಂಪನಿಯದು ಆದರೆ ಮೇಲೆ ಗಟ್ಟಿಯಾದಂತೆ ಕಂಡರೂ ಒಳಗೆ ಹಸಿ ಉಳಿಯಬಹುದು. ಆ ಹಸಿಯೇ ಅಪಾಯ. ಉಜ್ಜಿದಾಗ ಏಳುವ ಪುಡಿಯಲ್ಲೂ ಅದು ಇರುತ್ತದೆ. ನಿನ್ನ ಕೈಯನ್ನೂ ನೋಡಿಕೊ. ತೆಳು ನೈಟ್ರೈಲ್ ಗ್ಲೌಸನ್ನು ಈ ದ್ರವ ಕೆಲವೇ ನಿಮಿಷದಲ್ಲಿ ದಾಟುತ್ತದೆ, ಲೇಟೆಕ್ಸ್ ಅಂತೂ ದಂಡ. ತಾಗಿದ ಕೂಡಲೇ ಕಿತ್ತು ಹೊಸದು ಹಾಕಿಕೊ. ದುಡ್ಡಿನ ಮುಖ ನೋಡಬೇಡ.

ನಿನ್ನಿಂದ ಆಯ್ತಾ ಅಂತ ಕೇಳಿದ್ದೀಯ. ಬೇರೆ ಕಡೆ ವರ್ಷಗಟ್ಟಲೆ ಹಾಕಿಸಿಕೊಂಡು ನಿನ್ನ ಹತ್ತಿರ ಬಂದ ದಿನ ಹೊರಬಿದ್ದಿರಬಹುದು. ಅದನ್ನು ಯಾರೂ ಬಿಡಿಸಿ ಹೇಳಲಾರರು. ಆದರೆ ಒಗ್ಗಿಕೊಳ್ಳುತ್ತೆ ಅಂತ ನಂಬಿ ಆಕೆ ಮತ್ತೆ ಬಂದು ಕೈ ಚಾಚಿದರೆ? ಈಗಲೇ ಫೋನ್ ಮಾಡು. ಚರ್ಮದ ಡಾಕ್ಟರ ಹತ್ತಿರ ಹೋಗಲು ಹೇಳು. ಬೇಸ್ ಕೋಟ್, ಬಣ್ಣ, ಟಾಪ್ ಕೋಟ್, ಮೂರರ ಹಿಂದಿನ ಪಟ್ಟಿಯನ್ನೂ ಫೋಟೋ ತೆಗೆದು ಆಕೆಗೆ ಕಳಿಸು. ಡಾಕ್ಟರ್ ಮೊದಲು ಅದನ್ನೇ ಕೇಳುತ್ತಾರೆ.

ನಿನ್ನ,
ದೊಡ್ಡಮ್ಮ