ವಾರ್ಡಿನಲ್ಲಿ ವಿದ್ಯಾರ್ಥಿಗೂ ಕೆಲವು ರೋಗಿಗಳನ್ನು ಒಪ್ಪಿಸಿ

ಮಾನ್ಯ ಸಂಪಾದಕರೇ,

ವೈದ್ಯಕೀಯ ಶಿಕ್ಷಣದ ಮಾತು ಬಂದಾಗಲೆಲ್ಲ ಚರ್ಚೆ ಪ್ರವೇಶ ಪರೀಕ್ಷೆ, ಸೀಟು ಮತ್ತು ಶುಲ್ಕಗಳ ಸುತ್ತಲೇ ನಿಂತುಬಿಡುತ್ತದೆ. ಸೀಟು ಪಡೆದವರು ಮುಂದೆ ಆಸ್ಪತ್ರೆಯ ವಾರ್ಡುಗಳಲ್ಲಿ ಏನು ಕಲಿಯುತ್ತಾರೆ, ಏನನ್ನು ಕಲಿಯದೆಯೇ ಹೊರಬರುತ್ತಾರೆ ಎಂಬುದನ್ನು ಕುರಿತು ಬರೆಯುವವರು ಕಡಿಮೆ. ನಾನು ಸದ್ಯ ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿರುವ ವಿದ್ಯಾರ್ಥಿನಿ. ಮೆಡಿಸಿನ್, ಸರ್ಜರಿ, ಹೆರಿಗೆ, ಮಕ್ಕಳ ವಿಭಾಗ ಎಂದು ಕೆಲವು ವಾರಗಳಿಗೊಮ್ಮೆ ವಾರ್ಡು ಬದಲಿಸುತ್ತ ಸಾಗುವ ಈ ಅವಧಿಯಲ್ಲಿ ನಮ್ಮ ಹೆಸರಿಗೆ ಒಪ್ಪಿಸಿದ ಒಬ್ಬಿಬ್ಬರು ರೋಗಿಗಳು ಮತ್ತು ಅವರನ್ನು ನಾವು ಪರೀಕ್ಷಿಸುವಾಗ ಪಕ್ಕದಲ್ಲಿ ನಿಂತು ನೋಡಿ ತಿದ್ದುವ ಒಬ್ಬ ಗುರುಗಳು ಇರಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಲವು ಕಡೆ ಇವೆರಡೂ ಇಲ್ಲ.

ಬೆಳಗಿನ ರೌಂಡ್ಸ್‌ನಲ್ಲಿ ಹಾಸಿಗೆಯ ಪಕ್ಕದಲ್ಲಿ ಪ್ರಾಧ್ಯಾಪಕರು, ಅವರ ಸುತ್ತ ಸ್ನಾತಕೋತ್ತರ ವಿದ್ಯಾರ್ಥಿಗಳು, ಹೌಸ್ ಸರ್ಜನ್‌ಗಳು ಮತ್ತು ದಾದಿಯರು ನಿಂತರೆ, ನಾವು ನಿಲ್ಲುವುದು ಅವರೆಲ್ಲರ ಬೆನ್ನ ಹಿಂದೆ. ರೋಗಿಯ ಮುಖ ಕಾಣುವುದಿಲ್ಲ, ಮಾತು ಅರ್ಧ ಕೇಳುತ್ತದೆ. ರೌಂಡ್ಸ್ ಮುಗಿದ ಮೇಲೆ ರಕ್ತದ ಮಾದರಿಯನ್ನು ಪ್ರಯೋಗಾಲಯಕ್ಕೆ ಒಯ್ಯುವುದು, ಎಕ್ಸ್‌ರೇ ತರುವುದು, ವರದಿ ಹುಡುಕುವುದು ನಮ್ಮ ಪಾಲಿಗೆ ಬರುತ್ತದೆ. ಆ ಕೆಲಸಗಳನ್ನು ನಾನು ಕೀಳೆಂದು ಭಾವಿಸುವುದಿಲ್ಲ. ಅವು ನಡೆಯದೆ ಆಸ್ಪತ್ರೆ ನಡೆಯದು. ಆದರೆ ಯಾರ ರಕ್ತವನ್ನು ಒಯ್ಯುತ್ತಿದ್ದೇನೆ, ಅದರಲ್ಲಿ ಏನನ್ನು ಹುಡುಕುತ್ತಿದ್ದಾರೆ ಎಂಬುದು ಗೊತ್ತಿಲ್ಲದೆ ಓಡಾಡುವುದರಿಂದ ಯಾರೂ ವೈದ್ಯರಾಗುವುದಿಲ್ಲ.

ಕಣ್ಣೆದುರು ಯಾರಾದರೂ ತೋರಿಸದೆ ಬಾರದ ವಿದ್ಯೆ ಇದು. ಹೃದಯದ ಮೈಟ್ರಲ್ ಕವಾಟ ಕಿರಿದಾದಾಗ ಹುಟ್ಟುವ ಮರ್ಮರ್ ಶಬ್ದದ ವರ್ಣನೆಯನ್ನು ನಾವೆಲ್ಲರೂ ಬಾಯಿಪಾಠ ಮಾಡಿರುತ್ತೇವೆ. ಅದನ್ನು ಕೇಳಬೇಕಾದರೆ ರೋಗಿಯನ್ನು ಎಡ ಮಗ್ಗುಲಿಗೆ ಹೊರಳಿಸಿ, ಉಸಿರು ಬಿಟ್ಟು ಹಿಡಿಯಲು ಹೇಳಿ, ಸ್ಟೆತಸ್ಕೋಪಿನ ಬೆಲ್ ಭಾಗವನ್ನು ಹೃದಯದ ತುದಿಯ ಮೇಲೆ ಹಗುರವಾಗಿ ಇಡಬೇಕು. ಒತ್ತಿ ಹಿಡಿದರೆ ಆ ಮಂದ್ರ ಶಬ್ದ ಅಡಗಿಹೋಗುತ್ತದೆ. ಗುಲ್ಮ, ಅಂದರೆ ಸ್ಪ್ಲೀನ್, ಬಹಳ ಊದಿಕೊಂಡಿರುವ ರೋಗಿಯಲ್ಲಿ ಹೊಟ್ಟೆಯ ಬಲ ಕೆಳಭಾಗದಿಂದ ಕೈಯಾಡಿಸುತ್ತ ಎಡ ಪಕ್ಕೆಲುಬಿನತ್ತ ಹೋಗದೆ ನೇರವಾಗಿ ಪಕ್ಕೆಲುಬಿನ ಕೆಳಗೇ ಕೈಯಿಟ್ಟರೆ, ಅದರ ಅಂಚು ಸಿಗದೆ ಊತವೇ ಇಲ್ಲವೆಂದು ಬರೆದುಬಿಡುವ ಅಪಾಯವಿದೆ. ಪುಸ್ತಕದಲ್ಲಿ ಇವು ಒಂದೊಂದು ಸಾಲು. ಅನುಭವಸ್ಥರೊಬ್ಬರು ನಮ್ಮ ಕೈಯನ್ನು ನೋಡಿ ‘ಇನ್ನೂ ಕೆಳಗಿನಿಂದ ಶುರು ಮಾಡಿ’ ಎಂದು ಹೇಳಿದ ದಿನ ಆ ಸಾಲು ಬೆರಳಿಗೆ ಇಳಿಯುತ್ತದೆ. ಹಾಗೆ ಹೇಳುವವರು ಸಿಗದೆ ಹೋದರೆ ತಪ್ಪು ಅಭ್ಯಾಸವೇ ಗಟ್ಟಿಯಾಗುತ್ತದೆ, ಮತ್ತು ಅದು ತಪ್ಪೆಂಬುದು ಅಭ್ಯಾಸ ಮಾಡಿಕೊಂಡವರಿಗೆ ತಿಳಿಯುವುದೂ ಇಲ್ಲ.

ನಾನು ಹೊಸದೇನನ್ನೂ ಕೇಳುತ್ತಿಲ್ಲ. 18ನೇ ಶತಮಾನದ ಆರಂಭದಲ್ಲಿ ಡಚ್ ವೈದ್ಯ ಹರ್ಮನ್ ಬೂರ್‌ಹಾವೆ ಅವರು ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ಕೇವಲ 12 ಹಾಸಿಗೆಗಳ ಪಕ್ಕದಲ್ಲಿ ನಿಂತು ಪಾಠ ಹೇಳಿ ಯುರೋಪಿನ ಹಲವೆಡೆಗಳಿಂದ ವಿದ್ಯಾರ್ಥಿಗಳನ್ನು ಸೆಳೆದಿದ್ದರು. 1890ರ ದಶಕದಲ್ಲಿ ವೈದ್ಯ ವಿಲಿಯಂ ಆಸ್ಲರ್ ಅವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳಿಗೆ ರೋಗಿಗಳನ್ನು ಹಂಚಿಕೊಟ್ಟು, ರೋಗದ ವೃತ್ತಾಂತ ಬರೆಯುವ ಮತ್ತು ನಿತ್ಯ ಪರೀಕ್ಷಿಸುವ ಹೊಣೆ ಹೊರಿಸಿ, ಅವರನ್ನು ವಾರ್ಡಿನ ಕೆಲಸದ ಭಾಗವನ್ನಾಗಿಯೇ ಮಾಡಿದರು. ಅಷ್ಟು ಪ್ರಸಿದ್ಧರಾಗಿದ್ದ ಆ ವೈದ್ಯರು, ವಾರ್ಡುಗಳಲ್ಲಿ ವಿದ್ಯಾರ್ಥಿಗಳಿಗೆ ಕಲಿಸಿದ್ದನ್ನೇ ತಮ್ಮ ಜೀವನದ ಅತ್ಯಂತ ಉಪಯುಕ್ತ ಕೆಲಸವೆಂದು ಹೇಳಿಕೊಂಡಿದ್ದರು.

ಈ ಕ್ರಮದಿಂದ ರೋಗಿಗೆ ಹಿಂಸೆಯಾಗದೇ ಎಂದು ಕೆಲವರು ಕೇಳಬಹುದು. ಹಿಂಸೆ ಈಗಿನ ಕ್ರಮದಲ್ಲಿಯೇ ಹೆಚ್ಚು. ಯಾರಿಗೂ ರೋಗಿಗಳನ್ನು ಗೊತ್ತುಮಾಡದಿರುವಾಗ, ‘ಒಳ್ಳೆಯ ಕೇಸ್’ ಎಂಬ ಸುದ್ದಿ ಹಬ್ಬಿದೊಡನೆ ನೋವಿರುವ ಅದೇ ಹೊಟ್ಟೆಯನ್ನು ಒಬ್ಬರಾದ ಮೇಲೊಬ್ಬರು ಒತ್ತಿ ನೋಡುತ್ತಾರೆ, ಆ ವ್ಯಕ್ತಿ ಅದೇ ಕಥೆಯನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ವಿದ್ಯಾರ್ಥಿ ತಾನು ವಿದ್ಯಾರ್ಥಿಯೆಂದು ತಿಳಿಸಿ ಒಪ್ಪಿಗೆ ಕೇಳಬೇಕು, ಬೇಡವೆಂದರೆ ಕೈಮುಗಿದು ಹಿಂದೆ ಸರಿಯಬೇಕು. ಒಪ್ಪಿದವರಿಗೆ ದಾಖಲಾದಂದಿನಿಂದ ಬಿಡುಗಡೆಯವರೆಗೆ ಒಂದೇ ಮುಖ ಕಂಡರೆ ಅವರಿಗೂ ಧೈರ್ಯ. ಅವಸರದಲ್ಲಿರುವ ವೈದ್ಯರ ಮುಂದೆ ತಲೆಯಾಡಿಸಿ ಸುಮ್ಮನಾದ ರೋಗಿ, ಮಂಚದ ಪಕ್ಕದಲ್ಲಿ ಅರ್ಧ ಗಂಟೆ ಕುಳಿತ ವಿದ್ಯಾರ್ಥಿಯ ಬಳಿ, ತಾನು ರಕ್ತದೊತ್ತಡದ ಮಾತ್ರೆಯನ್ನು ಎಂದೋ ನಿಲ್ಲಿಸಿದೆನೆಂದು ಹೇಳುವುದುಂಟು. ಅಷ್ಟು ಹೊತ್ತು ಕೂರುವ ಬಿಡುವು ಇಡೀ ವಾರ್ಡಿನಲ್ಲಿ ನಮಗೆ ಮಾತ್ರ ಇರುತ್ತದೆ.

ಯಾರ ಜವಾಬ್ದಾರಿಗೂ ಸೇರದ ವಿದ್ಯಾರ್ಥಿಯ ಸುರಕ್ಷತೆಯೂ ಯಾರ ಜವಾಬ್ದಾರಿಯಾಗಿಯೂ ಉಳಿಯುವುದಿಲ್ಲ. ಬಳಸಿದ ಸೂಜಿ ಚುಚ್ಚಿದರೆ ಗಾಯವನ್ನು ಸೋಪು ನೀರಿನಿಂದ ತೊಳೆದು ಕೂಡಲೇ ಯಾರಿಗೆ ತಿಳಿಸಬೇಕು ಎಂಬುದು ಮೊದಲ ದಿನವೇ ಗೊತ್ತಿರಬೇಕು. ಎಚ್‌ಐವಿ ತಡೆಯುವ ಔಷಧವನ್ನು ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ, 72 ಗಂಟೆಗಳ ಒಳಗಾಗಿ ಆರಂಭಿಸಬೇಕು. ಹೆಪಟೈಟಿಸ್ ಬಿ ಲಸಿಕೆಯ ಎಲ್ಲ ಡೋಸ್‌ಗಳೂ ವಾರ್ಡಿಗೆ ಕಾಲಿಡುವ ಮುನ್ನವೇ ಮುಗಿದಿರಬೇಕು. ರೋಗಿಗಳ ಸುರಕ್ಷತೆಯೂ ಇದರಲ್ಲಿಯೇ ಅಡಗಿದೆ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಶವಪರೀಕ್ಷೆಯ ಕೋಣೆಯಿಂದ ಹೆರಿಗೆ ವಾರ್ಡಿಗೆ ಬರುತ್ತಿದ್ದ ವೈದ್ಯರ ಮತ್ತು ವಿದ್ಯಾರ್ಥಿಗಳ ಕೈಗಳೇ ಬಾಣಂತಿಯರ ಸಾವಿಗೆ ಕಾರಣವೆಂದು ಅಲ್ಲಿನ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಕಂಡುಕೊಂಡು, ಕ್ಲೋರಿನ್ ಸುಣ್ಣದ ದ್ರಾವಣದಲ್ಲಿ ಕೈ ತೊಳೆಯಿಸಿದ ಮೇಲೆ ಆ ಸಾವುಗಳು ತೀವ್ರವಾಗಿ ಇಳಿದವು. ಕೈ ತೊಳೆದು ಬಂದೆಯಾ ಎಂದು ನಮ್ಮನ್ನು ಕೇಳುವ ಹಿರಿಯರೊಬ್ಬರು ಇಂದಿಗೂ ಬೇಕು.

ಅಧ್ಯಾಪಕರ ಮೇಲಿನ ಒತ್ತಡವನ್ನು ನಾನು ದಿನವೂ ಕಾಣುತ್ತಿದ್ದೇನೆ. ಹೊರರೋಗಿ ವಿಭಾಗದ ಸಾಲು ಮುಗಿಯುವಷ್ಟರಲ್ಲಿ ಅವರಿಗೆ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಕರೆ ಬಂದಿರುತ್ತದೆ. ಆದರೆ ವಿದ್ಯಾರ್ಥಿ ರೋಗಿಯೊಬ್ಬರನ್ನು ಪರೀಕ್ಷಿಸುವುದನ್ನು ನೋಡಿ, ಸರಿ ಎಲ್ಲಿ, ತಪ್ಪು ಎಲ್ಲಿ ಎಂದು ಹೇಳುವುದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬೇಕಾಗದು. ಮಿನಿ-ಸಿಇಎಕ್ಸ್ (ಮಿನಿ ಕ್ಲಿನಿಕಲ್ ಇವ್ಯಾಲ್ಯುಯೇಷನ್ ಎಕ್ಸರ್‌ಸೈಜ್) ಎಂದು ಕರೆಯುವ ಈ ಬಗೆಯ ಕಿರು ಮೌಲ್ಯಮಾಪನ 1990ರ ದಶಕದಿಂದಲೂ ಬಳಕೆಯಲ್ಲಿದೆ. ಪೋಸ್ಟಿಂಗ್‌ನ ಕೊನೆಯ ದಿನ, ನಾವು ಕಲಿತದ್ದನ್ನು ದಾಖಲಿಸುವ ಲಾಗ್‌ಬುಕ್‌ಗಳ ರಾಶಿಗೆ ಒಟ್ಟಿಗೆ ಸಹಿ ಹಾಕುವ ಬದಲು, ವಾರಕ್ಕೆ ಒಮ್ಮೆ ಒಬ್ಬೊಬ್ಬ ವಿದ್ಯಾರ್ಥಿಯನ್ನು ಹೀಗೆ ನೋಡಿದರೆ ಆ ಸಹಿಗೆ ಅರ್ಥ ಬರುತ್ತದೆ. ಕಲಿಸುವ ಆ ಹೊತ್ತನ್ನು ಆಸ್ಪತ್ರೆಗಳು ಅಧ್ಯಾಪಕರ ಕೆಲಸದ ವೇಳೆಯಲ್ಲಿಯೇ ಲೆಕ್ಕಕ್ಕೆ ಹಿಡಿಯಬೇಕು. ಅವರ ವಿಶ್ರಾಂತಿಯಿಂದ ಕಿತ್ತುಕೊಳ್ಳಬಾರದು.

ವೈದ್ಯಕೀಯ ಕಾಲೇಜುಗಳ ಮುಖ್ಯಸ್ಥರು ಮುಂದಿನ ತಂಡ ವಾರ್ಡಿಗೆ ಬರುವ ಮೊದಲೇ ಯಾವ ವಿದ್ಯಾರ್ಥಿಗೆ ಯಾವ ಹಾಸಿಗೆಗಳು, ಅವರನ್ನು ತಿದ್ದುವವರು ಯಾರು, ಸೂಜಿ ಚುಚ್ಚಿದರೆ ಯಾರಿಗೆ ಕರೆ ಮಾಡಬೇಕು ಎಂಬ ಪಟ್ಟಿಯನ್ನು ಸಿದ್ಧಪಡಿಸಿ, ದಾದಿಯರ ಮೇಜಿನ ಬಳಿ ಎಲ್ಲರಿಗೂ ಕಾಣುವಂತೆ ಹಾಕಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ವೈದ್ಯಕೀಯ ವಿದ್ಯಾರ್ಥಿನಿ