ಸಂಘದ ಕಂಪ್ಯೂಟರ್ ಬ್ರೌಸರ್ ವಿಷ್ಯ, ಎಲ್ರೂ ಓದಿ

ಎಲ್ರಿಗೂ ನಮಸ್ಕಾರ 🙏 ಈ ಶನಿವಾರ ಸಂಜೆ 4ಕ್ಕೆ ಮೂಡಿಗೆರೆ ಆಫೀಸಲ್ಲಿರೋ ಎರಡೂ ಕಂಪ್ಯೂಟರ್ ಕ್ಲೀನ್ ಮಾಡ್ತಿದೀವಿ, ಪಹಣಿ ತೆಗೆಯೋಕೆ ಕಾಫಿ ರೇಟ್ ನೋಡೋಕೆ ಅಂತ ಬಂದು ಕೂರೋರೆಲ್ಲ ಅಷ್ಟರೊಳಗೆ ಜೀಮೇಲ್ ಲಾಗೌಟ್ ಮಾಡಿ, ನಿಮ್ಮ ಪಿಡಿಎಫ್ ಎಲ್ಲ ಪೆನ್‌ಡ್ರೈವ್‌ಗೆ ಹಾಕ್ಕೊಳ್ಳಿ, ಆಮೇಲೆ ಹೋಯ್ತು ಅಂದ್ರೆ ನನ್ನ ಕೇಳ್ಬೇಡಿ.

ಇನ್ಮೇಲೆ ಕ್ರೋಮ್, ಫೈರ್‌ಫಾಕ್ಸ್ ಎರಡೂ ಇರತ್ತೆ. ಎಡ್ಜ್ ವಿಂಡೋಸ್ ಜೊತೆಗೇ ಬರೋದು, ಇರ್ಲಿ ಬಿಡಿ, 2020ರಿಂದ ಅದೂ ಕ್ರೋಮ್ ಥರಾನೇ ಕ್ರೋಮಿಯಂ ಅನ್ನೋ ಒಂದೇ ತಳಹದಿ ಮೇಲೇ ನಡೆಯೋದು. ಫೈರ್‌ಫಾಕ್ಸ್ ಒಳಗಿನ ಇಂಜಿನ್ (ಪೇಜ್ ತೋರಿಸೋ ಭಾಗ) ಗೆಕೋ, ಅದು ಬೇರೆ, ಹಾಗಾಗಿ ಒಂದ್ರಲ್ಲಿ ಸೈಟ್ ಸರಿಯಾಗಿ ಬರ್ಲಿಲ್ಲ ಅಂದ್ರೆ ಇನ್ನೊಂದ್ರಲ್ಲಿ ನೋಡಿ. ಜಾಹೀರಾತು ಕಾಟ ತಪ್ಪಿಸೋಕೆ ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಆರಿಜಿನ್ ಅನ್ನೋ ಆಡ್-ಆನ್ ಹಾಕ್ತೀನಿ, ಆಂಡ್ರಾಯ್ಡ್ ಮೊಬೈಲ್ ಫೈರ್‌ಫಾಕ್ಸಲ್ಲೂ ಅದು ಓಡತ್ತೆ, ಮಳೆಗಾಲದಲ್ಲಿ ನಮ್ಮ ನೆಟ್‌ವರ್ಕ್ ಗೊತ್ತಲ್ಲ, ಜಾಹೀರಾತು ಲೋಡ್ ಆಗ್ದಿದ್ರೆ ಪೇಜ್ ಬೇಗ ಬರತ್ತೆ.

ಮುಖ್ಯವಾದದ್ದು, ಬ್ಯಾಂಕ್ ಕೆಲ್ಸ ಇದ್ರೆ ಇನ್‌ಕಾಗ್ನಿಟೊ ಕಿಟಕೀಲಿ ಮಾಡಿ (ಕಂಟ್ರೋಲ್ ಶಿಫ್ಟ್ ಎನ್, ಫೈರ್‌ಫಾಕ್ಸಲ್ಲಾದ್ರೆ ಎನ್ ಬದ್ಲು ಪಿ), ಮುಗಿದ್ಮೇಲೆ ಮುಚ್ಚಿ. ಹಿಸ್ಟರಿ ಉಳಿಯಲ್ಲ, ಆದ್ರೆ ಡೌನ್‌ಲೋಡ್ ಮಾಡಿದ ಫೈಲ್ ಅಲ್ಲೇ ಇರತ್ತೆ, ಅದನ್ನ ನೀವೇ ಅಳಿಸ್ಬೇಕು. ಪಾಸ್‌ವರ್ಡ್ ಸೇವ್ ಮಾಡ್ಲಾ ಅಂತ ಕೇಳಿದ್ರೆ ಬೇಡ ಅನ್ನಿ, ಹೋದ್ತಿಂಗಳು ಯಾರ್ದೋ ಪಾಸ್‌ವರ್ಡ್ ಹಾಗೇ ಕೂತಿತ್ತು, ಹೆಸ್ರು ಹೇಳಲ್ಲ 😄

ಬುಕ್‌ಮಾರ್ಕ್ ಉಳಿಸ್ಬೇಕು ಅನ್ನೋರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೇಳಿ, ಓದಿದೋರು ಒಂದು 👍 ಹಾಕಿ.