ಕತ್ತಲೆಕಾನಿಗೆ ಹೊರಟ ಮಗಳಿಗೆ

ಶಿರಸಿ, ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ಮಾತು ಬಿರುಸಾಯಿತು, ಬೇಜಾರು ಮಾಡಿಕೊಳ್ಳಬೇಡ. ಕಾಡಿನಲ್ಲಿ ಗುರುತು ಉಳಿಸದೆ ಓಡಾಡುವ ತರಬೇತಿಯ ಬಗ್ಗೆ "ಏಳೇ ನಿಯಮ ಆಯಿ, ಅರ್ಧ ಗಂಟೆಯಲ್ಲಿ ಹೇಳಿ ಮುಗಿಸ್ತೇನೆ" ಅಂದೆಯಲ್ಲ, ಅದೊಂದು ಮಾತು ನನಗೆ ಜೀರ್ಣವಾಗಲಿಲ್ಲ.

ನಾಳೆ ಕತ್ತಲೆಕಾನಿನ ಜೌಗು ಕಾಡಿಗೆ ನಿನ್ನ ಜೊತೆ ಬರುವ ಹುಡುಗ ಹುಡುಗಿಯರು ಜೋಗ ನೋಡಿ ಮರಳುವ ಪ್ರವಾಸಿಗರಲ್ಲ. ಸಸಿ ಎಣಿಸಲು, ಕಳೆ ಕೀಳಲು ದಾರಿ ಬಿಟ್ಟು ಇಳಿಯಲೇಬೇಕಾದವರು. ದಾರಿ ಇರುವಷ್ಟು ದೂರ ಒಬ್ಬರ ಹಿಂದೆ ಒಬ್ಬರು, ಕೆಸರಿದ್ದರೂ ಅದರ ನಡುವೆಯೇ ಹೋಗಲಿ. ಅಂಚಿಗೆ ಸರಿದಷ್ಟೂ ದಾರಿ ಅಗಲವಾಗುತ್ತದೆ. ದಾರಿ ಮುಗಿದು ಒಣ ದರಕು, ಅಂದರೆ ತರಗೆಲೆ ಬಂದಲ್ಲಿ ಚದುರಿ ನಡೆಯಲಿ. ಅಲ್ಲಿ ಎಲ್ಲರೂ ಒಂದೇ ಕಡೆ ಮೆಟ್ಟಿದರೆ ಹೊಸ ದಾರಿ ಬೀಳುತ್ತದೆ, ಮಳೆನೀರು ಅದನ್ನೇ ಹಿಡಿದು ಮಣ್ಣು ಕೊಚ್ಚುತ್ತದೆ. ಜೌಗಿಗೆ ಮಾತ್ರ ಈ ಎರಡೂ ಲೆಕ್ಕ ಹೊಂದುವುದಿಲ್ಲ. ಗುಂಪು ಅಂಚಿನ ಗಟ್ಟಿ ನೆಲದಲ್ಲಿ ನಿಲ್ಲಲಿ, ಅಳತೆಗೆ ಇಬ್ಬರೇ ಇಳಿಯಲಿ. ಮಂಡಿ ಮಡಚಿದಂತೆ ಕೆಸರಿನಿಂದ ಮೇಲೆದ್ದ ಬೇರುಗಳ ಮೇಲೆ ಕಾಲಿಡುವುದು ಬೇಡ. ಜಾಯಿಕಾಯಿ ಜಾತಿಯ ಆ ಮರಗಳು ಅವುಗಳಿಂದಲೇ ಗಾಳಿ ಪಡೆಯುತ್ತವೆ. ಬೀಜವೂ ಬಹಳ ದಿನ ಕಾಯುವಂಥದ್ದಲ್ಲ, ಬಿದ್ದಲ್ಲೇ ಬೇಗ ಮೊಳೆಯಬೇಕು. ಮೊಳಕೆ ಬೂಟಿನಡಿ ಸಿಕ್ಕರೆ ಮುಗಿಯಿತು. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು 2000ರಲ್ಲಷ್ಟೇ ಹೆಸರು ಪಡೆದ ಮರದ ಸಸಿಯೂ ಅಲ್ಲೇ ಕಾಲಡಿ ಇರಬಹುದು.

ಇದೆಲ್ಲ ನಿನಗೆ ಗೊತ್ತು. ನನ್ನ ತಲೆ ತಿನ್ನುತ್ತಿರುವುದು ಶೌಚದ ವಿಷಯ. ತರಬೇತಿಯಲ್ಲಿ ಎಲ್ಲರೂ ನಕ್ಕು ದಾಟಿಸುವ ಭಾಗ ಅದು.

ಪುಸ್ತಕದ ಲೆಕ್ಕ ನಿನಗೆ ಬಾಯಿಪಾಠ: ನೀರು, ದಾರಿ, ಬಿಡಾರ ಮೂರರಿಂದಲೂ 60 ಮೀಟರ್ ದೂರ, ಅಂದರೆ ದೊಡ್ಡವರ ಸುಮಾರು 70 ಹೆಜ್ಜೆ, ಗುಂಡಿಯ ಆಳ 15ರಿಂದ 20 ಸೆಂಟಿಮೀಟರ್, ಹೆಚ್ಚುಕಡಿಮೆ ಮುಕ್ಕಾಲು ಗೇಣು. ಕೊಳೆಸುವ ಜೀವಿಗಳು ಹೆಚ್ಚಿರುವುದು ಮೇಲಿನ ಕಪ್ಪು ಮಣ್ಣಿನಲ್ಲಿ, ಅದಕ್ಕೇ ಆ ಅಳತೆ. ಇನ್ನೂ ಆಳಕ್ಕೆ ಹೋದರೆ ಬೇಗ ಕೊಳೆಯುವುದಿಲ್ಲ, ಮೇಲಾದರೆ ಹಂದಿ ಕೆದಕುತ್ತದೆ. ಆದರೆ ಜೌಗಿನಲ್ಲಿ ನಾಲ್ಕು ಬೆರಳು ತೋಡುವುದರೊಳಗೆ ನೀರು ಜಿನುಗುತ್ತದೆ. ಅಲ್ಲಿ ಹೂಳುವುದೂ ಹಳ್ಳಕ್ಕೆ ಬಿಡುವುದೂ ಒಂದೇ. ಮೇಲಿನ ಇಳಿಜಾರಿಗೆ ಹತ್ತಿದರೆ ಕೆಲವು ಕಡೆ ಜಂಬಿಟ್ಟಿಗೆ, ಗುದ್ದಲಿಯೇ ಇಳಿಯುವುದಿಲ್ಲ. ಈ ಮಳೆಯಲ್ಲಿ ಅರೆಬರೆ ಮುಚ್ಚಿದ್ದು ಒಂದು ರಾತ್ರಿಯಲ್ಲಿ ತೆರೆದುಕೊಳ್ಳುತ್ತದೆ. ಕೆಳಗಿನ ಮನೆಗಳಿಗೆ ಪೈಪು ಎಳೆದಿರುವುದು ಇಂಥ ಹಳ್ಳಗಳಿಂದಲೇ. ಆ ಅಬ್ಬಿ ನೀರನ್ನು ಕುಡಿಯುವವರು ಮಕ್ಕಳು, ಮುದುಕರು.

ಆದ್ದರಿಂದ ಬೆಳಿಗ್ಗೆ ಊರಿನಲ್ಲೇ ಮುಗಿಸಿ ಕಾನು ಹೊಗುವ ಕ್ರಮ ಮಾಡು. ನಡುವೆ ಬೇಕಾದವರಿಗೆ ಜಾಗವನ್ನು ನೀನೇ ಮೊದಲು ನೋಡಿ ಗುರುತು ಮಾಡಿಡು. ತೊಳೆಯುವ ನೀರು ಬಾಟಲಿಯಲ್ಲಿ ಗುಂಡಿಯ ಹತ್ತಿರಕ್ಕೇ ಹೋಗಬೇಕು, ತೊಳೆಯಲೆಂದು ಹಳ್ಳಕ್ಕೆ ಇಳಿಯಬಾರದು. ಸೋಪು ಹಚ್ಚುವುದೂ 70 ಹೆಜ್ಜೆಯಾಚೆ. ಹುಡುಗಿಯರ ಪ್ಯಾಡು ಮಣ್ಣಿಗೂ ಬೇಡ, ಬೆಂಕಿಗೂ ಬೇಡ. ಹಳೇ ಪೇಪರು, ಒಳಗೆ ಕಾಣದ ಜಿಪ್ ಕವರು, ವಾಸನೆಗೆ ಒಂದು ಚಮಚ ಅಡುಗೆ ಸೋಡಾ, ವಾಪಸ್ ಊರಿಗೆ. ನೀನು ನಾಚದೆ ಹೇಳಿದರೆ ಅವರೂ ನಾಚುವುದಿಲ್ಲ. ಇದನ್ನು ಓದಿ ಹೇಳಬೇಡ. ಒಬ್ಬೊಬ್ಬರಿಂದಲೂ ಒಂದು ಗುಂಡಿ ತೋಡಿಸು, ಹೆಜ್ಜೆ ಎಣಿಸು, ಜೌಗಿನ ಅಂಚಿನಲ್ಲಿ ನೀರು ಜಿನುಗುವುದನ್ನು ಕಣ್ಣಾರೆ ತೋರಿಸು. ಅರ್ಧ ಗಂಟೆ ಇದಕ್ಕೇ ಬೇಕು.

ಮತ್ತೆ ಅದೇ ನೀರಿನ ಮಾತು. ಉಂಬಳಕ್ಕೆಂದು, ಅಂದರೆ ಜಿಗಣೆಗೆಂದು, ಉಪ್ಪು, ಹೊಗೆಸೊಪ್ಪಿನ ಪುಡಿ, ಸುಣ್ಣ ಬಳಿದ ಕಾಲಲ್ಲಿ ಹಳ್ಳಕ್ಕಿಳಿಯುತ್ತಾರೆ. ಕಪ್ಪೆಗೆ ಚರ್ಮವೂ ಉಸಿರಾಟದ ದಾರಿ, ನೀರಿನಲ್ಲಿ ಕರಗಿದ್ದು ಅದರ ಮೂಲಕ ಒಳಗೆ ಹೋಗಬಹುದು. ಹಳ್ಳಕ್ಕೆ ಇಳಿಯುವವರು ಒತ್ತಾಗಿ ನೇಯ್ದ ಉಂಬಳದ ಕಾಲುಚೀಲವನ್ನು ಮಂಡಿವರೆಗೆ ಎಳೆದುಕೊಳ್ಳಲಿ, ಹತ್ತಿದ ಉಂಬಳವನ್ನು ಉಗುರಿನಲ್ಲಿ ಸರಿಸಲಿ. ಜಾರಿದಾಗ ದಡದ ಕಡ್ಡಿ ಹಿಡಿಯುವ ಅಭ್ಯಾಸ ತಪ್ಪಿಸು, ಕೈಗೊಂದು ಊರುಗೋಲು ಕೊಡು. ಕತ್ತಲೆಕಾನಿನಿಂದಲೇ ವಿವರಿಸಿ 2014ರಲ್ಲಿ ಹೆಸರಿಟ್ಟ ಕುಂಬಾರ ಕಪ್ಪೆ ಮೊಟ್ಟೆಯಿಡುವುದು ನೀರಿನ ಮೇಲಿನ ಕಡ್ಡಿಗೆ, ಬಂಡೆಗೆ. ಗಂಡು ಹಿಂಗಾಲ ಮೇಲೆ ಎದ್ದು ನಿಂತು, ಮುಂಗೈಯಲ್ಲಿ ಕೆಸರು ಮೊಗೆದು ಆ ಮೊಟ್ಟೆಗಳಿಗೆ ಮೆತ್ತುತ್ತದೆ. ಕಡ್ಡಿಯ ಮೇಲೆ ಕೆಸರಿನ ಮುದ್ದೆ ಕಂಡರೆ ಕೊಳೆ ಎಂದು ಯಾರೂ ಒರೆಸದಿರಲಿ.

ನೀನು ಹತ್ತಾರು ಮಂದಿಗೆ ಕಲಿಸುವವಳಾಗಿದ್ದು ನನಗೆ ಎಷ್ಟು ಹೆಮ್ಮೆ ಅಂತ ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಇಲ್ಲಿ ಬರೆದಿದ್ದೇನೆ. ಬರೆಯುತ್ತ ಮತ್ತೆ ಪಾಠವೇ ಆಯಿತು, ಸಹಿಸಿಕೋ.

ಚೀಲದ ಹೊರಖಾನೆಯಲ್ಲಿ ಕೈಗುದ್ದಲಿ, ಬೂಟು ತಿಕ್ಕುವ ಬ್ರಷ್ ಇವೆ. ಒಂದು ಜೌಗಿನ ಕೆಸರು ಇನ್ನೊಂದಕ್ಕೆ ಹೋಗದಂತೆ ತಿಕ್ಕಿಸು. ಅರಣ್ಯ ಇಲಾಖೆಯ ಅನುಮತಿ ಪತ್ರ ಪ್ಲಾಸ್ಟಿಕ್ ಕವರಿನಲ್ಲಿದೆ. ಹಳ್ಳದ ನೀರು ಕೆಂಪಾಗಿ ಏರುತ್ತಿದ್ದರೆ, ಕೆಲಸ ಎಷ್ಟೇ ಬಾಕಿ ಇದ್ದರೂ ದಾಟಬೇಡಿ, ಈಚೆ ದಡದಲ್ಲೇ ಉಳಿಯಿರಿ.

ನಿನ್ನ
ಆಯಿ